ನೂರು ಅಂಕಗಳ ಜೋಡಿನಡಿಗೆ

ರ‍್ಯಾಲಿ ಒಬೀಡಿಯನ್ಸ್ ಎಂಬುದು ನಾಯಿ ಮತ್ತು ಅದನ್ನು ನಡೆಸುವವರು ಒಂದೇ ಜೋಡಿಯಾಗಿ ಸ್ಪರ್ಧಿಸುವ ಕ್ರೀಡೆ. ಕಣದೊಳಗೆ ಕ್ರಮಸಂಖ್ಯೆ ಬರೆದ ಫಲಕಗಳನ್ನು ಅಷ್ಟಷ್ಟು ಅಂತರದಲ್ಲಿ ನಿಲ್ಲಿಸಿರುತ್ತಾರೆ. ಪ್ರತಿ ಫಲಕದ ಮೇಲೂ ಒಂದು ಕೆಲಸ ಸೂಚಿತವಾಗಿರುತ್ತದೆ. ನಡೆಸುವವರು ಅದನ್ನು ಓದಿ, ನಾಯಿಗೆ ತಿಳಿಸಿ, ಇಬ್ಬರೂ ಸೇರಿ ಆ ಕೆಲಸವನ್ನು ಅಲ್ಲಿಯೇ ಪೂರೈಸಿ, ಯಾರ ಅಪ್ಪಣೆಗೂ ಕಾಯದೆ ಮುಂದಿನ ಫಲಕದ ಕಡೆಗೆ ಹೆಜ್ಜೆ ಹಾಕಬೇಕು. ಮೋಟಾರು ರ‍್ಯಾಲಿಗಳಲ್ಲಿ ಚಾಲಕನೂ ಆತನ ಪಕ್ಕದಲ್ಲಿ ಕುಳಿತು ದಾರಿ ಓದುವ ಜೊತೆಗಾರನೂ ಗೊತ್ತುಪಡಿಸಿದ ತಾಣಗಳನ್ನು ಒಂದೊಂದಾಗಿ ದಾಟಿಹೋಗುವ ಬಗೆಯಿಂದಲೇ ಈ ಕ್ರೀಡೆಗೆ ಹೆಸರೂ ರೂಪವೂ ಬಂದಿವೆ. ಒಬೀಡಿಯನ್ಸ್ ಎಂಬುದನ್ನು ವಿಧೇಯತೆ ಎಂದು ಕನ್ನಡಿಸುವುದು ರೂಢಿಯಾದರೂ ಆ ಮಾತು ಇಲ್ಲಿ ಪೂರ್ತಿಯಾಗಿ ಹೊಂದುವುದಿಲ್ಲ. ನಾಯಿ ಎಷ್ಟು ಅಧೀನವಾಗಿದೆ ಎಂಬುದಕ್ಕಿಂತ, ಮನುಷ್ಯನ ಮನಸ್ಸಿನಲ್ಲಿರುವುದು ನಾಯಿಗೆ ಎಷ್ಟು ಬೇಗ, ಎಷ್ಟು ಸ್ಪಷ್ಟವಾಗಿ ತಲುಪುತ್ತದೆ ಎಂಬುದೇ ಈ ಕಣದಲ್ಲಿ ಹೆಚ್ಚಾಗಿ ಬೆಳಕಿಗೆ ಬರುತ್ತದೆ. ಸದಾ ಕುಣಿಯುವ, ಬೆಲ್ಟನ್ನು ಜಗ್ಗುವ, ಕಂಡದ್ದರ ಕಡೆಗೆಲ್ಲ ನೆಗೆಯುವ ಚುರುಕು ನಾಯಿಗೆ ಇಂಥ ಸ್ಪರ್ಧೆ ಒಗ್ಗದು ಎಂಬ ತಿಳಿವಳಿಕೆ ಸಾಮಾನ್ಯವಾಗಿದ್ದರೂ, ಕ್ರೀಡೆಯ ನಿಯಮಗಳನ್ನು ಗಮನಿಸಿ ನೋಡಿದರೆ ಅಂಥ ನಾಯಿಗಳಿಗೇ ಇದು ಹೆಚ್ಚು ಹೇಳಿಮಾಡಿಸಿದಂತಿರುವುದು ತಿಳಿಯುತ್ತದೆ.

ಇದರ ಹಿನ್ನೆಲೆ ಅಮೆರಿಕದ್ದು. ಅಲ್ಲಿ ನಾಯಿಗಳ ವಿಧೇಯತಾ ಪರೀಕ್ಷೆ ಮೊದಲು ನಡೆದದ್ದು 1933ರಲ್ಲಿ, ನ್ಯೂಯಾರ್ಕ್ ರಾಜ್ಯದ ಮೌಂಟ್ ಕಿಸ್ಕೋ ಎಂಬಲ್ಲಿ. ಅದನ್ನು ಏರ್ಪಡಿಸಿದ ಹೆಲೆನ್ ವೈಟ್‌ಹೌಸ್ ವಾಕರ್ ಅವರು ಪೂಡಲ್ ತಳಿಯ ನಾಯಿಗಳನ್ನು ಸಾಕಿದವರಾಗಿದ್ದು, ಆ ತಳಿ ಕೇವಲ ಅಲಂಕಾರಕ್ಕೆ ಯೋಗ್ಯ ಎಂಬ ಅಪವಾದವನ್ನು ಅಳಿಸುವ ಹಂಬಲ ಅವರಿಗಿತ್ತು. ಎಂಟು ನಾಯಿಗಳು ಭಾಗವಹಿಸಿದ ಆ ಪರೀಕ್ಷೆಯಿಂದ ಬೆಳೆದ ಪದ್ಧತಿ ಮುಂದೆ ಬಹಳ ಬಿಗಿಯಾಯಿತು. ತೀರ್ಪುಗಾರರು ಪ್ರತಿ ಹೆಜ್ಜೆಗೂ ಅಪ್ಪಣೆ ಕೂಗುವುದು, ನಡೆಸುವವರು ಒಂದೇ ಒಂದು ಮಾತಿನಲ್ಲಿ ನಾಯಿಗೆ ತಿಳಿಸಿ ಆಮೇಲೆ ತುಟಿ ಬಿಗಿದುಕೊಳ್ಳುವುದು, ನಾಯಿ ಕೂರುವಾಗ ಬೆರಳಗಲ ಓರೆಯಾದರೂ ಅಂಕ ಹೋಗುವುದು, ಇವೆಲ್ಲ ಸೇರಿ ಪರೀಕ್ಷೆಗೆ ಕವಾಯತಿನ ಮುಖಚರ್ಯೆ ಬಂದಿತು. ಆ ಬಿಗಿಯನ್ನು ಸಡಿಲಿಸಿ, ನಾಯಿಗೂ ಜನಕ್ಕೂ ಉಲ್ಲಾಸ ಉಳಿಯುವಂಥ ಬೇರೊಂದು ರೂಪವನ್ನು ಚಾರ್ಲ್ಸ್ ಬಡ್ ಕ್ರೇಮರ್ ಅವರು ಕಲ್ಪಿಸಿದರು. ಅದನ್ನು ಅಮೆರಿಕನ್ ಕೆನ್ನೆಲ್ ಕ್ಲಬ್ 2005ರ ಜನವರಿ 1ರಿಂದ ಪದವಿ ನೀಡುವ ಅಧಿಕೃತ ಸ್ಪರ್ಧೆಯಾಗಿ ಅಂಗೀಕರಿಸಿತು. ಅದೇ 2005ರ ಜನವರಿಯಲ್ಲಿ ಭಾರತದ ಅಂಚೆ ಇಲಾಖೆ ಈ ದೇಶದ ನಾಲ್ಕು ನಾಯಿತಳಿಗಳ ಅಂಚೆಚೀಟಿಗಳನ್ನು ಹೊರತಂದು, ಅವುಗಳಲ್ಲಿ ಒಂದನ್ನು ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ ಮೀಸಲಿಟ್ಟಿತು ಎಂಬುದನ್ನು ಇಲ್ಲಿ ಜೊತೆಗೇ ನೆನೆಯಬಹುದು.

ಭಾರತದಲ್ಲಿ ನಾಯಿಗಳ ವಂಶಾವಳಿಯನ್ನು ದಾಖಲಿಸುವ ಕೆನ್ನೆಲ್ ಕ್ಲಬ್ ಆಫ್ ಇಂಡಿಯಾದ ಕೇಂದ್ರ ಕಚೇರಿ ಚೆನ್ನೈನಲ್ಲಿದೆ. ಬೆಂಗಳೂರಿನಲ್ಲಿ ಕರ್ನಾಟಕ ಕೆನ್ನೆಲ್ ಕ್ಲಬ್, ಬೆಂಗಳೂರು ಕೆನೈನ್ ಕ್ಲಬ್ ಮೊದಲಾದ ಸಂಸ್ಥೆಗಳು ಶ್ವಾನ ಪ್ರದರ್ಶನಗಳನ್ನು ನಡೆಸುತ್ತ ಬಂದಿದ್ದು, ತಳಿಯ ಲಕ್ಷಣ ನೋಡುವ ಪ್ರದರ್ಶನದ ಪಕ್ಕದಲ್ಲಿ ವಿಧೇಯತಾ ಪರೀಕ್ಷೆಯನ್ನೂ ಇಡುವ ಪದ್ಧತಿ ಈ ದೇಶದಲ್ಲಿ ಹಳೆಯದು. ಪ್ರದರ್ಶನದ ಕಣದಲ್ಲಿ ನಾಯಿಯ ಮೈಕಟ್ಟು, ತಲೆಯ ಆಕಾರ, ಹಲ್ಲಿನ ಜೋಡಣೆ, ರೋಮ, ನಡಿಗೆ ಇವು ಗಣನೆಗೆ ಬರುತ್ತವೆ. ವಿಧೇಯತೆಯ ಕಣದಲ್ಲಿ ನಾಯಿ ಏನು ಕಲಿತಿದೆ ಎಂಬುದು ಮಾತ್ರ. ನಾಯಿ ಎಡಗಾಲಿನ ಪಕ್ಕದಲ್ಲಿ ನಡೆಯುವುದು, ಹೇಳಿದಲ್ಲಿ ಕೂರುವುದು, ಮಲಗುವುದು, ಕರೆದಾಗ ಎದುರಿಗೆ ಬಂದು ನಿಲ್ಲುವುದು ಎಂಬ ಆ ಪರೀಕ್ಷೆಯ ಮೂಲಪಾಠಗಳೇ ರ‍್ಯಾಲಿಯ ಫಲಕಗಳಲ್ಲಿಯೂ ಇರುವುದರಿಂದ, ಒಂದಕ್ಕೆ ಸಿದ್ಧವಾದ ಜೋಡಿ ಇನ್ನೊಂದಕ್ಕೆ ಅರ್ಧದಾರಿ ಕ್ರಮಿಸಿದಂತೆಯೇ.

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ನಾಯಿಗಳ ವಿಷಯಕ್ಕೆ ಬಂದರೆ ಈ ಕ್ರೀಡೆಯ ಅಗತ್ಯ ಬೇರೆಯೇ ಬೆಳಕಿನಲ್ಲಿ ಕಾಣುತ್ತದೆ. 1882ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳು ತೋಟ ತುಡಿಕೆ ಮಾಡಿಕೊಂಡು ಬದುಕಲೆಂದು ನೆಲೆಗೊಂಡ ಊರು ವೈಟ್‌ಫೀಲ್ಡ್. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ರೂಪಿಸಿದ ಕೈಗಾರಿಕಾ ನಗರ ಎಲೆಕ್ಟ್ರಾನಿಕ್ ಸಿಟಿ. ಸಣ್ಣ ಪುಟ್ಟ ಯಂತ್ರಶಾಲೆಗಳ ಶೆಡ್ಡುಗಳು ಒತ್ತೊತ್ತಾಗಿ ನಿಂತ ವಸಾಹತು ಪೀಣ್ಯ. ಮೊದಲೆರಡು ಕಡೆ ಈಗ ಹತ್ತು ಹದಿನೈದು ಅಂತಸ್ತಿನ ಅಪಾರ್ಟ್‌ಮೆಂಟುಗಳಲ್ಲಿ ಲ್ಯಾಬ್ರಡಾರ್, ಬೀಗಲ್, ಗೋಲ್ಡನ್ ರಿಟ್ರೀವರ್, ಹಸ್ಕಿಗಳು ವಾಸವಾಗಿದ್ದು, ಮನೆಯವರು ಬೆಳಿಗ್ಗೆ ಹೊರಟರೆ ಕಚೇರಿಯ ವೇಳೆಯೂ ಹೊರವರ್ತುಲ ರಸ್ತೆಯ ದಟ್ಟಣೆಯೂ ಸೇರಿ ಕತ್ತಲಾದ ಮೇಲೆಯೇ ಹಿಂದಿರುಗುತ್ತಾರೆ. ಪೀಣ್ಯದಲ್ಲಿ ರಾತ್ರಿ ಪಾಳಿಯ ಕಾವಲುಗಾರರು ಅನ್ನ ಹಾಕಿ ಬೆಳೆಸಿದ ನಾಟಿ ನಾಯಿಗಳು ಹಗಲೆಲ್ಲ ಶೆಡ್ಡಿನ ನೆರಳಲ್ಲಿ ಮಲಗಿ ರಾತ್ರಿ ಎಚ್ಚರಾಗುತ್ತವೆ. ಅಪಾರ್ಟ್‌ಮೆಂಟಿನ ನಾಯಿಗೆ ದಿನಕ್ಕೆ ಸಿಗುವುದು ಎರಡು ಸಲ ಇಪ್ಪತ್ತು ನಿಮಿಷದ ನಡಿಗೆ. ಸೋಫಾ ಹರಿಯುವುದು, ಬಾಗಿಲು ಕೆರೆಯುವುದು, ಲಿಫ್ಟಿನಲ್ಲಿ ಕಂಡವರ ಮೇಲೆ ನೆಗೆಯುವುದು, ಬಾಲ್ಕನಿಯಲ್ಲಿ ನಿಂತು ಗಂಟೆಗಟ್ಟಲೆ ಬೊಗಳುವುದು ಇವೆಲ್ಲ ಅಂಥ ನಾಯಿಯ ದುರ್ಗುಣಗಳೆಂದು ದೂರಿಕೊಳ್ಳುವುದು ಸುಲಭವಾದರೂ, ಅವು ಬಹುಪಾಲು ಕೆಲಸವಿಲ್ಲದೆ ಉಳಿದ ಶಕ್ತಿ ತಾನೇ ಹುಡುಕಿಕೊಂಡ ದಾರಿಗಳು.

ಆ ಶಕ್ತಿ ಎಲ್ಲಿಂದ ಬಂದಿತು ಎಂಬುದನ್ನು ಮರೆಯಬಾರದು. ಲ್ಯಾಬ್ರಡಾರನ್ನು ಬೇಟೆಗಾರ ಹೊಡೆದ ಹಕ್ಕಿಯನ್ನು ನೀರಿನಿಂದ ಎತ್ತಿ ತರಲೆಂದು, ಬೀಗಲನ್ನು ಮೊಲದ ವಾಸನೆ ಹಿಡಿದು ಮೈಲುಗಟ್ಟಲೆ ಓಡಲೆಂದು, ಬಾರ್ಡರ್ ಕಾಲಿಯನ್ನು ದಿನವಿಡೀ ಕುರಿಮಂದೆ ತಿರುಗಿಸಲೆಂದು, ಹಸ್ಕಿಯನ್ನು ಹಿಮದಲ್ಲಿ ಜಾರುಬಂಡಿ ಎಳೆಯಲೆಂದು ತಲೆತಲಾಂತರ ಆರಿಸಿ ಬೆಳೆಸಿದ್ದಾರೆ. ಆ ಕೆಲಸ ಕಳೆದುಹೋಯಿತೇ ಹೊರತು ಅದಕ್ಕಾಗಿ ರಕ್ತದಲ್ಲಿ ಬೆಳೆದ ಹುರುಪು ಕಳೆದುಹೋಗಲಿಲ್ಲ. ಕನ್ನಡನಾಡಿನಲ್ಲಿ ನಾಯಿಯ ಹುರುಪಿಗೆ ಶಾಸನದ ಗೌರವವೇ ಸಂದಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವು, ಗಂಗರ ಬೂತುಗನಿಂದ ಮಣಲೇರನೆಂಬ ವೀರನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದುದನ್ನೂ, ಆ ನಾಯಿ ಕಾಡುಹಂದಿಯೊಂದಿಗೆ ಸೆಣಸಿ ಹಂದಿಯನ್ನು ಕೊಂದು ತಾನೂ ಸತ್ತುದನ್ನೂ ತಿಳಿಸುತ್ತದೆ. ನಾಯಿಯೂ ಹಂದಿಯೂ ಹೋರಾಡುವ ಚಿತ್ರವನ್ನು ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳ ಹಿಂದೆ ಹೆಸರಿಟ್ಟು, ಕಲ್ಲು ನೆಟ್ಟು ಕೊಂಡಾಡಿದ ಗುಣವನ್ನೇ ಇಂದು ಎರಡು ಕೋಣೆಯ ಮನೆಯಲ್ಲಿ ತಂಟೆ ಎಂದು ಕರೆಯಬೇಕಾಗಿ ಬಂದಿರುವಾಗ, ಬದಲಾದುದು ನಾಯಿಯ ಸುತ್ತಲಿನ ಬದುಕು ಎಂದು ಹೇಳುವುದೇ ನ್ಯಾಯ. ಬನ್ನೇರುಘಟ್ಟದ ಆಚೆ ತರಳು ಎಂಬಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆ 2011ರಲ್ಲಿ ಆರಂಭಿಸಿದ ಶ್ವಾನ ತರಬೇತಿ ಶಾಲೆಯಲ್ಲಿ ಬೆಲ್ಜಿಯನ್ ಮ್ಯಾಲಿನೋಯಿಸ್ ಎಂಬ, ಒಂದು ಗಳಿಗೆಯೂ ಸುಮ್ಮನಿರಲಾರದ ತಳಿಯನ್ನೇ ಆರಿಸಿಕೊಂಡು ಕಾಡಿನ ಕಾರ್ಯಾಚರಣೆಗೆ ಸಿದ್ಧಗೊಳಿಸುತ್ತಾರೆ. ಅಲ್ಲಿ ಸಾಧುಸ್ವಭಾವಕ್ಕಿಂತ ಹುರುಪಿಗೇ ಬೆಲೆ.

ಸ್ಪರ್ಧೆಯ ಕ್ರಮವನ್ನು ಅಮೆರಿಕನ್ ಕೆನ್ನೆಲ್ ಕ್ಲಬ್‌ನ ನಿಯಮಗಳ ಆಧಾರದ ಮೇಲೆ ಸ್ವಲ್ಪ ವಿವರವಾಗಿಯೇ ನೋಡುವುದು ಒಳ್ಳೆಯದು. ಸುಮಾರು 40 ಅಡಿ ಅಗಲ, 50 ಅಡಿ ಉದ್ದದ ಸಮತಟ್ಟು ನೆಲ ಒಂದು ಕಣಕ್ಕೆ ಸಾಕಾಗುತ್ತದೆ. ನೋವಿಸ್ ಎಂಬ ಮೊದಲ ಹಂತದಲ್ಲಿ 10ರಿಂದ 15 ಫಲಕಗಳಿದ್ದು ನಾಯಿಗೆ ಬೆಲ್ಟು ಇರುತ್ತದೆ. ಅಡ್ವಾನ್ಸ್ಡ್ ಹಂತದಲ್ಲಿ 12ರಿಂದ 17, ಎಕ್ಸಲೆಂಟ್ ಹಂತದಲ್ಲಿ 15ರಿಂದ 20 ಫಲಕಗಳು, ಬೆಲ್ಟು ಬಿಚ್ಚಿದ ನಡಿಗೆ, ಜೊತೆಗೆ ಜಿಗಿತದ ಅಡ್ಡಗೋಲುಗಳು. ಫಲಕಗಳು ಸಾಮಾನ್ಯವಾಗಿ ನಡೆಸುವವರ ಬಲಗಡೆಗೆ ಇರುತ್ತವೆ; ನಾಯಿ ಎಡಗಡೆಗೆ ನಡೆಯುತ್ತದೆ. ಪ್ರತಿ ಜೋಡಿಯೂ ನೂರು ಅಂಕಗಳನ್ನು ಇಟ್ಟುಕೊಂಡೇ ಕಣಕ್ಕೆ ಇಳಿಯುತ್ತದೆ, ತಪ್ಪಾದಂತೆಲ್ಲ ಅಂಕಗಳು ಕಳೆಯುತ್ತ ಹೋಗುತ್ತವೆ, ಕೊನೆಗೆ 70 ಉಳಿದಿದ್ದರೆ ತೇರ್ಗಡೆ. ಕನಿಷ್ಠ ಇಬ್ಬರು ಬೇರೆ ಬೇರೆ ತೀರ್ಪುಗಾರರ ಎದುರಿನಲ್ಲಿ ಒಟ್ಟು ಮೂರು ಸಲ ಹೀಗೆ ತೇರ್ಗಡೆಯಾದ ನಾಯಿಯ ಹೆಸರಿನ ನಂತರ ಆ ಹಂತದ ಪದವಿ ಸೇರುತ್ತದೆ. ಬೆಲ್ಟು ಬಿಗಿಯಾದರೆ, ನಾಯಿ ಓರೆಯಾಗಿ ಕೂತರೆ, ನಡೆಸುವವರ ಕಾಲಿಗೆ ಅಡ್ಡ ಬಂದರೆ ಒಂದೊಂದು ಅಂಕ ಹೋಗುತ್ತದೆ; ಒಂದು ಕೆಲಸವನ್ನು ಮತ್ತೊಮ್ಮೆ ಮಾಡಿ ತೋರಿಸುವ ಅವಕಾಶಕ್ಕೆ ಮೂರು ಅಂಕ ತೆರಬೇಕು; ಫಲಕ ಹೇಳಿದ್ದೇ ಒಂದು, ಜೋಡಿ ಮಾಡಿದ್ದೇ ಒಂದು ಎಂದಾದರೆ ಹತ್ತು ಅಂಕ. ಸಮಯವನ್ನು ದಾಖಲಿಸಿಕೊಳ್ಳುತ್ತಾರಾದರೂ ಇಬ್ಬರ ಅಂಕಗಳು ಸಮವಾದಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ಓಡಿ ಗೆಲ್ಲುವ ಆಟ ಇದಲ್ಲ ಎಂಬುದನ್ನು ಚುರುಕು ನಾಯಿಯ ಒಡೆಯರು ಮೊದಲೇ ಮನಗಾಣಬೇಕು.

ನಿಯಮಗಳಲ್ಲಿ ಎರಡು ಸಂಗತಿಗಳು ಈ ಕ್ರೀಡೆಯ ಸ್ವಭಾವವನ್ನೇ ನಿರ್ಧರಿಸುತ್ತವೆ. ಮೊದಲನೆಯದು ಪೂರ್ವನಡಿಗೆ: ಸ್ಪರ್ಧೆಗೆ ಮುಂಚೆ ನಾಯಿಗಳನ್ನು ಹೊರಗೆ ಬಿಟ್ಟು, ನಡೆಸುವವರು ಮಾತ್ರ ಕಣದೊಳಗೆ ಹೋಗಿ ಸುಮಾರು ಹತ್ತು ನಿಮಿಷ ಫಲಕಗಳನ್ನು ಓದಿಕೊಂಡು ನಡೆದು ನೋಡಬಹುದು. ಎರಡನೆಯದು ಮಾತಿನ ಸ್ವಾತಂತ್ರ್ಯ: ಸಿದ್ಧವೇ ಎಂದು ಕೇಳಿ ಮುಂದೆ ನಡೆಯಿರಿ ಎಂದು ಹೇಳಿದ ಮೇಲೆ ತೀರ್ಪುಗಾರರು ಸುಮ್ಮನಾಗುತ್ತಾರೆ, ನಡೆಸುವವರು ನಾಯಿಯೊಂದಿಗೆ ದಾರಿಯುದ್ದಕ್ಕೂ ಮಾತನಾಡಬಹುದು, ಹೊಗಳಬಹುದು, ಕೈಸನ್ನೆ ಮಾಡಬಹುದು, ಗದರಿಸುವುದಕ್ಕೆ, ಕೈಯಿಂದ ಹಿಡಿದು ಕೂರಿಸುವುದಕ್ಕೆ ಮಾತ್ರ ಎಡೆಯಿಲ್ಲ. ಈ ಎರಡನ್ನೂ ಜೊತೆಯಾಗಿಟ್ಟು ನೋಡಿದರೆ ಕ್ರೀಡೆಯ ಮರ್ಮ ತಿಳಿಯುತ್ತದೆ. ಫಲಕ ಓದುವುದು ಮನುಷ್ಯನ ಪಾಲು. ನಾಯಿಗೆ ಫಲಕ ಕಾಣುವುದೇ ಇಲ್ಲ ಎಂದರೂ ಸರಿಯೆ, ಅದಕ್ಕೆ ಕಾಣುವುದು ತನ್ನವರ ಭುಜ, ಕೈ, ಹೆಜ್ಜೆ, ಕೇಳುವುದು ಅವರ ದನಿ. ಪೂರ್ವನಡಿಗೆಯಲ್ಲಿ ದಾರಿಯನ್ನು ಮನಸ್ಸಿಗೆ ತಂದುಕೊಳ್ಳದ ವ್ಯಕ್ತಿ ಫಲಕದ ಮುಂದೆ ಅರೆಕ್ಷಣ ತಡೆದು ನಿಂತರೆ, ಸಾಧು ನಾಯಿ ಆ ಅರೆಕ್ಷಣವನ್ನು ಸಹಿಸಿಕೊಂಡು ಕಾಯುತ್ತದೆ. ಚುರುಕು ನಾಯಿಯಾದರೋ ಅಷ್ಟರಲ್ಲಿ ತಾನೇ ಒಂದು ಕೆಲಸವನ್ನು ಆರಿಸಿಕೊಂಡು ಮುಗಿಸಿರುತ್ತದೆ. ಪ್ರೇಕ್ಷಕರಿಗೆ ಅದು ನಾಯಿಯ ತಪ್ಪಾಗಿ ಕಾಣುವುದಾದರೂ ಅಂಕ ಹೋದದ್ದು ಮನುಷ್ಯನ ತಡವರಿಕೆಯಿಂದ.

ಫಲಕಗಳಲ್ಲಿ ಯಾವುವು ಚುರುಕು ನಾಯಿಗೆ ಕಷ್ಟ ಎಂಬುದನ್ನು ಗಮನಿಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ವೇಗದ ನಡೆ ಎಂಬ ಫಲಕ ಬಂದಾಗ ನಡೆಸುವವರು ಒಮ್ಮೆಗೇ ಓಡತೊಡಗಿದರೆ ನಾಯಿಗೆ ಅದು ಆಟದ ಕರೆಯಾಗಿ ಕೇಳಿ, ಅದು ನೆಗೆದು ಮುಂದೆ ಹೋಗಿ ಬೆಲ್ಟು ಬಿಗಿಯಾಗುತ್ತದೆ. ಎರಡು ಹೆಜ್ಜೆಗಳಲ್ಲಿ ಮೆಲ್ಲಗೆ ವೇಗ ಏರಿಸಿದವರ ನಾಯಿ ಪಕ್ಕ ಬಿಡದೆ ಓಡುತ್ತದೆ. ನಿಧಾನದ ನಡೆ ಇನ್ನೂ ಕಠಿಣ. ಮೈಯೆಲ್ಲ ಓಟವೇ ಆಗಿರುವ ಪ್ರಾಣಿ ಹೆಜ್ಜೆಯ ಮೇಲೆ ಹೆಜ್ಜೆ ತಡೆದು ಬರಬೇಕಾದರೆ ಅದಕ್ಕೆ ಹಿಡಿತವನ್ನು ಬೇರೆಯಾಗಿಯೇ ಕಲಿಸಿರಬೇಕು. ಸುರುಳಿ ಎಂಬ ಫಲಕದಲ್ಲಿ ಮೂರು ಕೋನುಗಳ ಸುತ್ತ, ಮೊದಲು ಮೂರನ್ನೂ, ಆಮೇಲೆ ಎರಡನ್ನು, ಕೊನೆಗೆ ಒಂದನ್ನು ಬಳಸಿ ತಿರುಗಬೇಕು. ಬಲಸುರುಳಿಯಲ್ಲಿ ನಾಯಿ ಹೊರಸುತ್ತಿನಲ್ಲಿರುವುದರಿಂದ ಹೆಚ್ಚು ದೂರ ನಡೆಯಬೇಕಾಗುತ್ತದೆ, ಎಡಸುರುಳಿಯಲ್ಲಿ ಒಳಗಿರುವುದರಿಂದ ತಡೆದು ನಡೆಯಬೇಕಾಗುತ್ತದೆ. ಹೊರಸುತ್ತು ಚುರುಕು ನಾಯಿಗೆ ಹಬ್ಬ, ಅಲ್ಲಿ ಸೋಮಾರಿ ನಾಯಿ ಹಿಂದೆ ಬೀಳುತ್ತದೆ. ಒಳಸುತ್ತು ಅದರ ಪರೀಕ್ಷೆ. ಅಡ್ವಾನ್ಸ್ಡ್ ಹಂತದ ಒಂದು ಫಲಕದಲ್ಲಿ ಎಂಟರ ಆಕಾರದ ದಾರಿಯ ಪಕ್ಕ ತಿಂಡಿಯ ಬಟ್ಟಲನ್ನೋ ಆಟಿಕೆಯನ್ನೋ ಇಟ್ಟಿರುತ್ತಾರೆ, ನಾಯಿ ಅದರತ್ತ ಹಾಯದೆ ದಾಟಬೇಕು. ವೈಟ್‌ಫೀಲ್ಡಿನ ರಸ್ತೆಬದಿಯಲ್ಲಿ ಯಾರೋ ಎಸೆದುಹೋದ ಬಿರಿಯಾನಿಯ ಪೊಟ್ಟಣ ಕಂಡಾಗ ನಾಯಿಯ ಒಡೆಯರಿಗೆ ದಿನವೂ ಎದುರಾಗುವ ಸಂಕಟಕ್ಕೆ ಉತ್ತರ ಈ ಒಂದು ಫಲಕದ ಅಭ್ಯಾಸದಲ್ಲಿದೆ.

ಹುರುಪು ಮತ್ತು ಸಾಧನೆಗಳ ಸಂಬಂಧವನ್ನು ಮನೋವಿಜ್ಞಾನ ಬಹು ಹಿಂದೆಯೇ ಗುರುತಿಸಿದೆ. 1908ರಲ್ಲಿ ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಹೊರಟ ತತ್ತ್ವದ ಪ್ರಕಾರ, ಉದ್ರೇಕ ಒಂದು ಹದದವರೆಗೆ ಏರಿದಂತೆ ಕಲಿಕೆಯೂ ಕೆಲಸವೂ ಚೆನ್ನಾಗುತ್ತವೆ, ಹದ ಮೀರಿದರೆ ಕೆಡುತ್ತವೆ, ಕೆಲಸ ಸೂಕ್ಷ್ಮವಾದಷ್ಟೂ ಆ ಹದ ಬೇಗ ಮೀರುತ್ತದೆ. ಅಂದರೆ ತೂಕಡಿಸುವ ನಾಯಿಯನ್ನು ಹುರಿದುಂಬಿಸುವುದೂ ಹುಚ್ಚೆದ್ದ ನಾಯಿಯನ್ನು ತಣಿಸುವುದೂ ಒಂದೇ ಬಗೆಯ ವಿದ್ಯೆಯಾಗಿದ್ದು, ಎರಡನೆಯದರಲ್ಲಿ ಒಂದು ಅನುಕೂಲವಿದೆ: ಇದ್ದದ್ದನ್ನು ಹದಕ್ಕೆ ತರಬಹುದು, ಇಲ್ಲದ ಹುಮ್ಮಸ್ಸನ್ನು ಹುಟ್ಟಿಸುವುದು ಕಷ್ಟ. ನಾಯಿಯ ಬಾಲ ಎಂದೆಂದಿಗೂ ಡೊಂಕು ಎಂಬ ಗಾದೆಯನ್ನು ಹಿಡಿದು ತರಬೇತಿಯನ್ನೇ ಕೈಬಿಡುವವರಿದ್ದಾರೆ. ರ‍್ಯಾಲಿಯು ಬಾಲವನ್ನು ನೆಟ್ಟಗೆ ಮಾಡಲು ಹೊರಡುವುದಿಲ್ಲ, ಬಾಲ ಆಡುತ್ತಿರಲಿ ಎಂದೇ ಬಯಸುತ್ತದೆ.

ಹದಕ್ಕೆ ತರುವ ಉಪಾಯಗಳಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಪ್ರೆಮ್ಯಾಕ್ ಅವರ ಹೆಸರಿನ ತತ್ತ್ವ ಚುರುಕು ನಾಯಿಗೆ ಎಲ್ಲಕ್ಕಿಂತ ಉಪಯುಕ್ತ. ಪ್ರಾಣಿ ತಾನಾಗಿ ಹೆಚ್ಚು ಇಷ್ಟಪಟ್ಟು ಮಾಡುವ ಕೆಲಸವನ್ನೇ, ಅದು ಅಷ್ಟಾಗಿ ಇಷ್ಟಪಡದ ಕೆಲಸಕ್ಕೆ ಬಹುಮಾನವಾಗಿ ಬಳಸಬಹುದು ಎಂಬುದು ಅದರ ಸಾರ. ಓದು ಮುಗಿಸಿದರೆ ಆಟಕ್ಕೆ ಬಿಡುತ್ತೇನೆ ಎಂದು ಮಕ್ಕಳಿಗೆ ಹೇಳುವ ಮನೆಮನೆಯ ಮಾತೇ ಇದು. ನಾಯಿಗೆ ಓಡುವುದು ಇಷ್ಟವಾದರೆ ಮೂರು ಹೆಜ್ಜೆ ನಿಧಾನವಾಗಿ ಪಕ್ಕದಲ್ಲಿ ನಡೆದದ್ದಕ್ಕೆ ಓಟವೇ ಬಹುಮಾನ. ಮೂಸುವುದು ಇಷ್ಟವಾದರೆ ಕೂತು ಮುಖ ನೋಡಿದ್ದಕ್ಕೆ ಗಿಡದ ಬುಡ ಮೂಸಲು ಬಿಡುವುದೇ ಬಹುಮಾನ. ಬೇಯಿಸಿದ ಕೋಳಿಯ ಚೂರು, ಪನೀರಿನ ಚೂರು ಕಲಿಕೆಯ ದಿನಗಳಲ್ಲಿ ಬೇಕೇ ಬೇಕು. ಆದರೆ ಅಮೆರಿಕನ್ ಕೆನ್ನೆಲ್ ಕ್ಲಬ್‌ನ ಕಣದೊಳಗೆ ತಿಂಡಿ ಒಯ್ಯುವಂತಿಲ್ಲವಾದ್ದರಿಂದ, ತಿಂಡಿಯಿಲ್ಲದ ಹೊಗಳಿಕೆಗೂ ನಾಯಿ ಮನಸೋಲುವಂತೆ ಸಾವಕಾಶವಾಗಿ ರೂಢಿಸಬೇಕಾಗುತ್ತದೆ. ವರ್ಲ್ಡ್ ಸೈನೋಸ್ಪೋರ್ಟ್ ಎಂಬ ಇನ್ನೊಂದು ಸಂಸ್ಥೆಯ ನಿಯಮಗಳು ಕೆಲವು ಷರತ್ತುಗಳೊಂದಿಗೆ ಕಣದಲ್ಲಿಯೂ ತಿಂಡಿ ಕೊಡಲು ಅವಕಾಶ ನೀಡಿವೆ.

ಮಾತಿನ ವಿಷಯದಲ್ಲಿ ಬೆಂಗಳೂರಿನ ಮನೆಗಳಿಗೆ ವಿಶೇಷವಾದ ತೊಡಕೊಂದಿದೆ. ಮನೆಯ ಮಗಳು ನಾಯಿಗೆ ಸಿಟ್ ಎನ್ನುತ್ತಾಳೆ, ಅಜ್ಜಿ ಕೂತ್ಕೋ ಎನ್ನುತ್ತಾರೆ, ಧಾರವಾಡದ ಕಡೆಯಿಂದ ಬಂದ ಅಳಿಯ ಕೂಡು ಎನ್ನುತ್ತಾನೆ, ಕೆಲಸಕ್ಕೆ ಬರುವಾಕೆ ತಮಿಳಿನಲ್ಲಿಯೋ ಹಿಂದಿಯಲ್ಲಿಯೋ ಹೇಳುತ್ತಾಳೆ. ನಾಲ್ಕು ನುಡಿಗಳಲ್ಲಿ ಒಂದೇ ಕೆಲಸ ಹೇಳಿಸಿಕೊಂಡ ನಾಯಿ ಯಾವುದಕ್ಕೂ ಕೂರದೆ ನಿಂತಾಗ ಅದನ್ನು ಹಟಮಾರಿ ಎಂದು ಕರೆಯುತ್ತಾರೆ. ನಾಯಿಗೆ ಭಾಷೆ ಮುಖ್ಯವಲ್ಲ, ಧ್ವನಿ ಮುಖ್ಯ. ಕನ್ನಡದಲ್ಲಿ ಕಲಿಸಿದರೂ ಅದು ಅಷ್ಟೇ ಚೆನ್ನಾಗಿ ಕಲಿಯುತ್ತದೆ. ಆದರೆ ಒಂದು ಕೆಲಸಕ್ಕೆ ಒಂದೇ ಪದ ಇರಬೇಕು, ಎರಡು ಕೆಲಸಗಳ ಪದಗಳು ಕಿವಿಗೆ ಒಂದೇ ತೆರನಾಗಿ ಕೇಳಬಾರದು. ಬಾ ಎಂಬುದೂ ಬೇಡ ಎಂಬುದೂ ಒಂದೇ ಅಕ್ಷರದಲ್ಲಿ ಮೊದಲಾಗುವುದರಿಂದ ಗಡಿಬಿಡಿಯಲ್ಲಿ ಹೇಳಿದರೆ ಗೊಂದಲವಾಗುತ್ತದೆ. ಬೇಡ ಎಂಬುದರ ಬದಲು ಬಿಡು ಎಂದರೂ ಅದೇ ತೊಡಕು ಉಳಿಯುವುದರಿಂದ, ಕರೆಯುವ ಮಾತನ್ನೇ ಇಲ್ಲಿ ಎಂದು ಬದಲಿಸಿಕೊಳ್ಳುವುದು ಲೇಸು. ಅದಕ್ಕೂ ಮಿಗಿಲಾಗಿ ಗಮನಿಸಬೇಕಾದದ್ದು, ಕನ್ನಡದಲ್ಲಿ ನಾಯಿಯೊಂದಿಗೆ ಮಾತನಾಡುವ ಜನ ಮುದ್ದಿನಿಂದ ಒಂದೇ ಪದವನ್ನು ನಾಲ್ಕೈದು ಸಲ ಹೇಳುತ್ತಾರೆಂಬುದು. ಐದನೆಯ ಸಲ ಕೂತರೆ ಸಾಕು ಎಂಬ ಪಾಠವನ್ನು ನಾಯಿ ಹಾಗೆಯೇ ಕಲಿಯುತ್ತದೆ. ಒಮ್ಮೆ ಹೇಳಿ ಕಾಯುವ ತಾಳ್ಮೆ ಒಡೆಯರಿಗೆ ಬರುವುದಕ್ಕೆ ನಾಯಿ ಕಲಿಯುವುದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ.

ಅಭ್ಯಾಸಕ್ಕೆ ದೊಡ್ಡ ಸಲಕರಣೆ ಬೇಡ. ಆರು ಪ್ಲಾಸ್ಟಿಕ್ ಕೋನು, ರಟ್ಟಿನ ಮೇಲೆ ಕೈಯಲ್ಲಿ ಬರೆದ ಹದಿನೈದು ಫಲಕಗಳು, ಆರಡಿಯ ಬೆಲ್ಟು ಇದ್ದರೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಖಾಲಿ ಪಾರ್ಕಿಂಗ್ ಜಾಗವೂ ಪಾಠಶಾಲೆಯಾಗುತ್ತದೆ. ದಿನಕ್ಕೆ ಐದೈದು ನಿಮಿಷದ ಮೂರು ಪಾಠಗಳು ಒಂದು ಗಂಟೆಯ ಒಂದು ಪಾಠಕ್ಕಿಂತ ಹೆಚ್ಚು ಫಲ ಕೊಡುತ್ತವೆ. ನಾಯಿ ಇನ್ನೂ ಬೇಕು ಎನ್ನುವಾಗಲೇ ನಿಲ್ಲಿಸುವುದು ಉತ್ತಮ. ನಡಿಗೆಯಿಂದ ಕಾಲು ದಣಿಯುವಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಯೋಚನೆಯಿಂದ ತಲೆ ದಣಿಯುತ್ತದೆ ಎಂಬುದು ನಾಯಿಯ ವಿಷಯದಲ್ಲಿಯೂ ನಿಜ. ಕಚೇರಿಯಿಂದ ತಡವಾಗಿ ಬರುವವರಿಗೆ ಇದು ಸಣ್ಣ ಸಂಗತಿಯಲ್ಲ. ಸ್ಪರ್ಧೆಯ ದಿನ ನಾಯಿಯನ್ನು ಓಡಿಸಿ ಓಡಿಸಿ ಸುಸ್ತು ಮಾಡಿ ಕಣಕ್ಕೆ ತರುವ ಪರಿಪಾಠ ಕೆಲವರಲ್ಲಿದ್ದು, ಅದು ತಪ್ಪು. ದಣಿದ ನಾಯಿ ಶಾಂತವಾಗಿ ಕಾಣುತ್ತದೆಯೇ ಹೊರತು ಮುಖ ನೋಡುವುದಿಲ್ಲ. ಹತ್ತು ನಿಮಿಷದ ನೆಮ್ಮದಿಯ ನಡಿಗೆ, ಮಲ ಮೂತ್ರಗಳ ವಿಸರ್ಜನೆ, ನೆರಳಿನಲ್ಲಿ ಸ್ವಲ್ಪ ವಿಶ್ರಾಂತಿ, ಕರೆಬರುವ ಎರಡು ನಿಮಿಷ ಮುಂಚೆ ಪರಿಚಿತ ಪಾಠಗಳ ಚಿಕ್ಕ ಆವರ್ತನ, ಇಷ್ಟು ಸಾಕು. ಕಣದೊಳಗೆ ಮಲ ಮೂತ್ರ ಮಾಡಿದ ನಾಯಿ ಆ ಸಲದ ಮಟ್ಟಿಗೆ ಅನರ್ಹವಾಗುತ್ತದೆಂಬ ನಿಯಮವನ್ನು ಮರೆತು ನೂರಕ್ಕೆ ತೊಂಬತ್ತರ ನಡಿಗೆಯನ್ನು ಕಳೆದುಕೊಳ್ಳುವುದು ದುಃಖದ ವಿಷಯ.

ಬೆಂಗಳೂರಿನ ಹವೆ ತಂಪು ಎಂಬ ಹಳೆಯ ನಂಬಿಕೆಯ ಮೇಲೆ ಈಗ ಭರವಸೆಯಿಡುವಂತಿಲ್ಲ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ನಾಯಿಯ ಸಹಜ ದೇಹೋಷ್ಣವೇ ಸುಮಾರು 38.3ರಿಂದ 39.2 ಡಿಗ್ರಿಯಷ್ಟಿದ್ದು, ಅದು ಮನುಷ್ಯನಂತೆ ಮೈಯೆಲ್ಲ ಬೆವರದೆ ಮುಖ್ಯವಾಗಿ ಏದುಸಿರಿನಿಂದಲೇ ಬಿಸಿಯನ್ನು ಹೊರಹಾಕಬೇಕಾಗಿರುವುದರಿಂದ, ಚುರುಕು ನಾಯಿ ದಣಿವನ್ನು ತೋರಗೊಡದೆ ಓಡುತ್ತಲೇ ಇದ್ದು ಒಮ್ಮೆಗೇ ಕುಸಿಯುವ ಅಪಾಯವಿದೆ. ಮಾರ್ಚಿನಿಂದ ಮೇವರೆಗೆ ಬೆಳಿಗ್ಗೆ ಎಂಟರೊಳಗೆ ಅಭ್ಯಾಸ ಮುಗಿಯಬೇಕು, ಡಾಂಬರಿನ ಮೇಲೆ ಅಂಗೈ ಊರಿ ಸಹಿಸಲಾಗದಿದ್ದರೆ ನಾಯಿಯ ಪಾದವೂ ಸಹಿಸದೆಂದು ತಿಳಿಯಬೇಕು. ಮಳೆಗಾಲದಲ್ಲಿ ಹುಲ್ಲಿನ ಮೈದಾನಗಳಲ್ಲಿ ಉಣ್ಣೆಗಳ ಕಾಟ, ಅವುಗಳಿಂದ ಹರಡುವ ಜ್ವರ ನಾಯಿಯ ಜೀವಕ್ಕೇ ಮುಳುವಾಗಬಹುದು. ಬೆಳವಣಿಗೆ ಪೂರ್ತಿಯಾಗದ ಮರಿಗಳನ್ನು ಅಡ್ಡಗೋಲಿನ ಮೇಲೆ ಹಾರಿಸುವುದರಿಂದ ಕೀಲುಗಳಿಗೆ ಪೆಟ್ಟು ಬೀಳುತ್ತದೆಯಾದ್ದರಿಂದ, ಜಿಗಿತದ ಪಾಠ ಆರಂಭಿಸುವ ಮುನ್ನ ಪಶುವೈದ್ಯರನ್ನು ಕೇಳಬೇಕು.

ಈ ಕ್ರೀಡೆಯಲ್ಲಿ ತಳಿಯ ಹಂಗಿಲ್ಲದಿರುವುದು ಪೀಣ್ಯದ ಶೆಡ್ಡಿನ ನಾಯಿಗೂ ಆಸೆ ಹುಟ್ಟಿಸುವ ಸಂಗತಿ. ಅಮೆರಿಕನ್ ಕೆನ್ನೆಲ್ ಕ್ಲಬ್ 2010ರಿಂದ ಮಿಶ್ರತಳಿಯ ನಾಯಿಗಳಿಗೂ ರ‍್ಯಾಲಿಯಲ್ಲಿ ಸ್ಪರ್ಧಿಸಲು ಅವಕಾಶ ನೀಡಿದೆ. ನಾಟಿ ನಾಯಿ ಸೂಕ್ಷ್ಮಗ್ರಾಹಿ. ಹಗುರವಾದ ಮೈ, ಬಿಸಿಲು ತಡೆಯುವ ತಾಕತ್ತು, ಮನುಷ್ಯನ ಮುಖ ನೋಡಿ ಮನಸ್ಸು ಅರಿಯುವ ಜಾಣ್ಮೆ ಅದಕ್ಕಿವೆ. ಜನಸಂದಣಿಗೆ, ಗದ್ದಲಕ್ಕೆ ಬೆಚ್ಚುವ ಸ್ವಭಾವವನ್ನು ಮಾತ್ರ ದಿನಗಳೆದಂತೆ ಕಳೆಯಬೇಕು. ತಳಿಯ ಮೇಲೆ ಹೊಣೆ ಹೊರಿಸುವ ವಾದದ ಬಗ್ಗೆ ಕರ್ನಾಟಕದಲ್ಲಿ ನ್ಯಾಯಾಲಯದ ವಿಚಾರಣೆಯೂ ನಡೆದಿದೆ. ಕೇಂದ್ರ ಸರ್ಕಾರ 2024ರ ಮಾರ್ಚ್ 12ರ ಸುತ್ತೋಲೆಯಲ್ಲಿ 23 ತಳಿಗಳನ್ನು ಅಪಾಯಕಾರಿ ಎಂದು ಹೆಸರಿಸಿ ಅವುಗಳ ಸಾಕಣೆಯನ್ನು ತಡೆಯಲು ಸೂಚಿಸಿದಾಗ, ಕರ್ನಾಟಕ ಹೈಕೋರ್ಟ್ ಅದೇ ವರ್ಷ ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದುಪಡಿಸಿತು. ನಿಷೇಧ ಬೇಡವೆಂದು ಕೇಳುವ ನಾಯಿಪ್ರಿಯರ ಮೇಲೆ ಆ ತೀರ್ಪಿನ ನಂತರ ಹೆಚ್ಚಿನ ಹೊಣೆ ಬಿದ್ದಿದೆ. ನಾಯಿಗೆ ಕಲಿಸುವುದು, ಕಲಿಸಿದ್ದನ್ನು ನಾಲ್ಕು ಜನರೆದುರು ತೋರಿಸುವುದು ಆ ಹೊಣೆಯ ಭಾಗ.

ಅಪಾರ್ಟ್‌ಮೆಂಟುಗಳ ನಿವಾಸಿ ಸಂಘಗಳು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಆದರೆ ನಾಯಿ ಇರುವವರಿಗೂ ಇಲ್ಲದವರಿಗೂ ನಡುವೆ ನಡೆಯುವ ಲಿಫ್ಟಿನ ಜಗಳ, ಉದ್ಯಾನದ ಜಗಳ ಮಾರ್ಗಸೂಚಿಯಿಂದ ಬಗೆಹರಿದಿಲ್ಲ. ಆ ಸಂಘಗಳು, ಬೆಂಗಳೂರಿನ ಶ್ವಾನ ಕ್ಲಬ್ಬುಗಳು ಕೂಡಿ ಒಂದು ಕೆಲಸ ಮಾಡಬಹುದು. ಭಾನುವಾರ ಬೆಳಿಗ್ಗೆ ಆರರಿಂದ ಎಂಟರವರೆಗೆ ಬ್ಯಾಸ್ಕೆಟ್‌ಬಾಲ್ ಅಂಗಳವನ್ನು ಬಿಟ್ಟುಕೊಟ್ಟು, ರೇಬಿಸ್ ಲಸಿಕೆಯ ಚೀಟಿ ತೋರಿಸಿದ ನಾಯಿಗಳಿಗೆ ಮಾತ್ರ ಪ್ರವೇಶವಿಟ್ಟು, ಹದಿನೈದು ಫಲಕಗಳ ಒಂದು ಕಣವನ್ನು ಹೂಡಬೇಕು. ಕಸಬರಿಗೆ ಮತ್ತು ಕಸದ ಚೀಲಗಳನ್ನು ನಾಯಿಯವರೇ ತರಬೇಕು. ನಾಯಿಗಳೆಂದರೆ ದೂರ ಸರಿಯುವ ನೆರೆಹೊರೆಯವರನ್ನೂ ನೋಡಲು ಕರೆಯಬೇಕು. ಅದಕ್ಕೆ ಬೇಕಾದ ನೆಲ 40 ಅಡಿಗೆ 50 ಅಡಿ, ಒಂದು ಬ್ಯಾಸ್ಕೆಟ್‌ಬಾಲ್ ಅಂಗಳದ ಹೆಚ್ಚುಕಡಿಮೆ ಅರ್ಧಭಾಗ.